ಶ್ರೀ ಬಸವೇಶ್ವರರ ಚರಿತ್ರವೂ ಚರಿತ್ರಕಾರರ ದೃಷ್ಟಿಯೂ

ಶ್ರೀ ಬಸವೇಶ್ವರರ ಚರಿತ್ರವು ಕನ್ನಡ ನಾಡಿನಲ್ಲಿ ಮನೆಮನೆಗೂ ತಿಳಿದಿರುವಂಥದು. ಪುರಾಣಶ್ರವಣದಲ್ಲಿಯೂ ಜಾತ್ರೆಯ ಜಾಗರಣೆಯಲ್ಲಿಯೂ ತೊಟ್ಟಿಲ ಹಾಡಿನಲ್ಲಿಯೂ ಅದನ್ನು ಕೇಳದೆ ಬೆಳೆದ ಲಿಂಗವಂತರು ವಿರಳ. ಆದರೂ ಆ ಮಹಾತ್ಮರ ಜೀವನದ ಯಾವುದಾದರೊಂದು ಸಂಗತಿಯನ್ನು ಎರಡು ಗ್ರಂಥಗಳಲ್ಲಿ ಒಟ್ಟಿಗೆ ಹುಡುಕಿ ನೋಡಿದವರಿಗೆ ವಿಸ್ಮಯವುಂಟಾಗದೆ ಇರದು. ಒಂದು ಗ್ರಂಥದಲ್ಲಿ ಅವರು ಉಪನಯನವನ್ನು ನಿರಾಕರಿಸುವ ಬಾಲಕರು. ಇನ್ನೊಂದರಲ್ಲಿ ಧರಿಸಿದ ಜನಿವಾರವನ್ನು ಹರಿದೊಗೆಯುವ ತರುಣರು. ಒಂದರಲ್ಲಿ ಮಂಗಳವಾಡದ ಕರಣಿಕರು. ಇನ್ನೊಂದರಲ್ಲಿ ಕಲ್ಯಾಣದ ದಂಡನಾಯಕರು. ಶಿವಕವಿಗಳಿಗೆ ಅವರು ಕೈಲಾಸದಿಂದ ಇಳಿದುಬಂದ ಕಾರಣಪುರುಷರು, ಜೈನಕವಿಗೆ ರಾಜದ್ರೋಹಿಗಳು, ಶಿಲಾಶಾಸನಗಳಲ್ಲಿಯಾದರೋ ಬಹುಕಾಲದವರೆಗೆ ಅವರ ಹೆಸರೇ ಕಾಣದೆ ಇದ್ದಿತು. ಹೀಗಿರುವಲ್ಲಿ ನಿಜವಾದ ಬಸವೇಶ್ವರರು ಯಾರು ಎಂಬ ಪ್ರಶ್ನೆಯು ಸಹಜವಾಗಿಯೇ ಏಳುವದು. ಶ್ರದ್ಧಾವಂತರಲ್ಲಿ ಕೆಲವರು ಈ ಪ್ರಶ್ನೆಯನ್ನೆತ್ತುವದೇ ಅಪಚಾರವೆಂದು ಬಗೆಯುವರು. ವಿಮರ್ಶಕರಲ್ಲಿ ಕೆಲವರು ಪುರಾಣವೆಲ್ಲವೂ ಕಟ್ಟುಕಥೆಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವರು. ಮೊದಲನೆಯವರು ಓದುವ ಶ್ರಮವನ್ನು ಉಳಿಸಿಕೊಳ್ಳುವರು. ಎರಡನೆಯವರು ತೂಗುವ ಶ್ರಮವನ್ನು ಉಳಿಸಿಕೊಳ್ಳುವರು.

ಯಾವ ಬರಹವೂ ತಾನಾಗಿ ಹುಟ್ಟಿ ಬರುವದಿಲ್ಲ. ಅದನ್ನು ಬರೆದ ಕೈಯೊಂದು ಇರುವದು. ಆ ಕೈಯನ್ನು ನಡೆಯಿಸಿದ ಮನಸ್ಸೊಂದು ಇರುವದು. ನ್ಯಾಯಸ್ಥಾನದಲ್ಲಿ ಸಾಕ್ಷಿಯ ಮಾತನ್ನು ಕೇಳುವದಕ್ಕಿಂತ ಮೊದಲು ಅವನು ಯಾರು, ಸಂಗತಿ ನಡೆದಾಗ ಎಲ್ಲಿದ್ದನು, ವಾದಿ ಪ್ರತಿವಾದಿಗಳಿಗೆ ಏನಾಗಬೇಕು, ಹೇಳಿದ ಮಾತಿನಿಂದ ಅವನಿಗೆ ಲಾಭವೋ ಹಾನಿಯೋ ಎಂದು ವಿಚಾರಿಸುವದು ರೂಢಿ. ಹಾಗೆ ವಿಚಾರಿಸಿದ ಮಾತ್ರಕ್ಕೆ ಸಾಕ್ಷಿಯನ್ನು ಸುಳ್ಳುಗಾರನೆಂದು ಕರೆದಂತಾಗುವದಿಲ್ಲ. ಪೂರ್ವಕಾಲದ ಗ್ರಂಥಗಳನ್ನೂ ಶಾಸನಗಳನ್ನೂ ಈ ರೀತಿಯಿಂದಲೇ ವಿಚಾರಿಸತಕ್ಕದ್ದು. ಆಗ ಬಸವೇಶ್ವರರ ಚರಿತ್ರದಲ್ಲಿ ಯಾವುದು ಗಟ್ಟಿಯಾದ ನೆಲ, ಯಾವುದು ಭಕ್ತಿಯ ಅಲಂಕಾರ, ಯಾವುದು ದ್ವೇಷದ ಕಲ್ಪನೆ ಎಂಬುದು ಬಹುಮಟ್ಟಿಗೆ ತಾನೇ ಬೇರ್ಪಡುವದು.

ಈ ಚರಿತ್ರಕ್ಕೆ ಮುಖ್ಯರಾದ ಸಾಕ್ಷಿಗಳನ್ನು ಮೊದಲು ಹೆಸರಿಸುವದು ಅವಶ್ಯ. ಕಾಲದಿಂದ ಸಮೀಪನಾದ ಕವಿಯು ಹಂಪೆಯ ಹರಿಹರನು. ಕ್ರಿ. ಶ. 1200ರ ಸುಮಾರಿನಲ್ಲಿದ್ದ ಈತನು ಬಸವರಾಜದೇವರ ರಗಳೆಯನ್ನು ರಚಿಸಿದನು. ಅದರ ಕೊನೆಯ ಭಾಗವು ಇಂದು ದೊರೆಯುವ ಪ್ರತಿಗಳಲ್ಲಿ ಇಲ್ಲ. ಎರಡನೆಯವನು ಪಾಲ್ಕುರಿಕೆಯ ಸೋಮನಾಥನು. ತೆಲುಗು ನಾಡಿನವನಾದ ಈತನು ಹದಿಮೂರನೆಯ ಶತಮಾನದಲ್ಲಿ ದ್ವಿಪದಿಯಲ್ಲಿ ಬಸವಪುರಾಣವನ್ನು ಬರೆದನು. ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ಷಟ್ಪದಿಯಲ್ಲಿ ಹಾಡಿದನು. 1500ರ ಸುಮಾರಿಗೆ ಸಿಂಗಿರಾಜನ ಪುರಾಣವೂ, 1584ರಲ್ಲಿ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೂ ಹುಟ್ಟಿದವು. ಇವರೆಲ್ಲರಿಗೂ ಎದುರಾಗಿ ನಿಲ್ಲುವ ಸಾಕ್ಷಿಯು ಜೈನರ ಬಿಜ್ಜಳರಾಯ ಚರಿತೆಯು. ಶಿಲಾಶಾಸನಗಳದು ಇನ್ನೊಂದು ಬಗೆಯ ಸಾಕ್ಷ್ಯ. ಇವೆಲ್ಲಕ್ಕೂ ಮಿಗಿಲಾಗಿ ಬಸವೇಶ್ವರರ ವಚನಗಳು ಇರುವವು.

ಬಸವೇಶ್ವರರು ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ, ಶೈವಬ್ರಾಹ್ಮಣರ ಮನೆತನದಲ್ಲಿ, ಮಾದಿರಾಜ ಮಾದಲಾಂಬಿಕೆಯರ ಪುತ್ರರಾಗಿ ಜನಿಸಿದರು. ಜನನದ ವರ್ಷವನ್ನು 1131 ಎಂದು ಅನೇಕರೂ, ಅದಕ್ಕಿಂತ ಕಾಲು ಶತಮಾನದಷ್ಟು ಹಿಂದಕ್ಕೆಂದು ಕೆಲವರೂ ಎಣಿಸುವರು. ಈ ಜನ್ಮಕ್ಕೆ ಕಾರಣವನ್ನು ಹೇಳುವಲ್ಲಿಯೇ ಕವಿಗಳ ಮನೋಧರ್ಮಗಳು ಬೇರೆಬೇರೆಯಾಗಿ ತೋರುವವು. ಸೋಮನಾಥನ ದೃಷ್ಟಿಯಲ್ಲಿ ಭೂಲೋಕದಲ್ಲಿ ಶಿವಭಕ್ತಿಯು ಕುಂದಿದುದರಿಂದ ಅದನ್ನು ಉದ್ಧರಿಸುವದಕ್ಕಾಗಿ ಸಾಕ್ಷಾತ್ ನಂದಿಕೇಶ್ವರನೇ ಇಳಿದು ಬಂದನು. ಮತಪ್ರಸಾರದ ಉತ್ಸಾಹವು ಉಕ್ಕುತ್ತಿದ್ದ ಕಾಲದ ಕವಿಗೆ ಅವತಾರಪುರುಷನೇ ಬೇಕಾಗಿದ್ದನು. ಹರಿಹರನಾದರೋ ವೃಷಭಮುಖನೆಂಬ ಗಣೇಶ್ವರನ ಕಥೆಯನ್ನು ಹೇಳುವನು. ಶಿವನ ಪ್ರಸಾದಪುಷ್ಪವನ್ನು ಎಲ್ಲರಿಗೂ ಹಂಚುವಾಗ ಕುಮಾರಸ್ವಾಮಿಯೊಬ್ಬನಿಗೆ ಅದು ಮುಟ್ಟದೆ ಹೋಯಿತು. ಆ ಲೋಪಕ್ಕಾಗಿ ಗಣೇಶ್ವರನು ಮರ್ತ್ಯದಲ್ಲಿ ಹುಟ್ಟಬೇಕಾಯಿತು. ಸೋಮನಾಥನು ಮಹಿಮೆಯಿಂದ ಆರಂಭಿಸಿದಲ್ಲಿ ಹರಿಹರನು ಒಂದು ತಪ್ಪಿನಿಂದ ಆರಂಭಿಸುವನು. ಕೈಲಾಸದಲ್ಲಿ ಏನು ನಡೆಯಿತೆಂಬುದು ಚರಿತ್ರದ ವಿಷಯವಲ್ಲ. ಆದರೆ ಮುಂದೆ ಪಂಕ್ತಿಯಲ್ಲಿ ಒಬ್ಬರನ್ನೂ ಬಿಡದೆ ಉಣಿಸಿದ ದಾಸೋಹಮೂರ್ತಿಯ ಕೀರ್ತಿಯು ಹರಿಹರನ ಕಾಲಕ್ಕಾಗಲೇ ಎಷ್ಟು ಬಲವಾಗಿ ನಿಂತಿತ್ತೆಂಬುದನ್ನು ಈ ಕಥೆಯು ತೋರಿಸುವದು. ಹೀಗೆ ನಂಬಲು ಬಾರದ ಸಂಗತಿಯೂ ಅದನ್ನು ಬರೆದವನ ಕಾಲದ ಭಾವನೆಗೆ ನಂಬಲರ್ಹವಾದ ಸಾಕ್ಷಿಯಾಗುವದುಂಟು.

ಬಾಲ್ಯದ ಮುಖ್ಯ ಸಂಗತಿಯು ಉಪನಯನ. ಸೋಮನಾಥನ ಬಸವೇಶ್ವರರು ಎಂಟು ವರುಷದ ಬಾಲಕರಾಗಿದ್ದಾಗಲೇ ತಂದೆಯೊಡನೆ ಶಾಸ್ತ್ರವಾದವನ್ನು ಮಾಡಿ, ಶಿವದೀಕ್ಷೆಯನ್ನು ಪಡೆದವನಿಗೆ ಬೇರೆ ಸಂಸ್ಕಾರವು ಬೇಡವೆಂದು ಮನೆಯನ್ನು ಬಿಡುವರು. ಹರಿಹರನಲ್ಲಿ ತಂದೆತಾಯಿಗಳು ಮೊದಲೇ ತೀರಿಕೊಂಡಿರುವರು; ಮುತ್ತವ್ವೆಯ ಆಶ್ರಯದಲ್ಲಿ ಬೆಳೆದು ಉಪನಯನವನ್ನೂ ಹೊಂದಿದ ತರುಣನು ಒಳಗಿನ ತಳಮಳವನ್ನು ತಾಳಲಾರದೆ ಜನಿವಾರವನ್ನು ಹರಿದೊಗೆದು ಕೂಡಲಸಂಗಮದ ದಾರಿಯನ್ನು ಹಿಡಿಯುವನು. ಪುರಾಣಕಾರನಿಗೆ ಜಯಶಾಲಿಯಾದ ವಾದಿಯು ಬೇಕು. ರಗಳೆಯ ಕವಿಗೆ ಭಾವಪರವಶನಾದ ಭಕ್ತನು ಬೇಕು. ಇವರ ಅಲಂಕಾರಗಳನ್ನು ಬದಿಗಿಟ್ಟರೂ ಇಬ್ಬರೂ ಒಪ್ಪುವ ಒಂದು ಸಂಗತಿಯು ಉಳಿಯುವದು. ಬಾಗೇವಾಡಿಯ ಮಾದಿರಾಜನ ಮಗನು ಹುಟ್ಟಿನಿಂದ ಬಂದ ಅಧಿಕಾರದ ಚಿಹ್ನೆಯನ್ನು ತಾನಾಗಿಯೇ ಬಿಟ್ಟುಕೊಟ್ಟು ಮನೆಯಿಂದ ಹೊರಟನು. ಜನ್ಮದ ಮೇಲ್ಮೆಯನ್ನು ಬಿಟ್ಟವರು ಆ ಕಾಲದಲ್ಲಿ ಏನನ್ನು ಕಳೆದುಕೊಳ್ಳುತ್ತಿದ್ದರೆಂಬುದನ್ನು ಬಲ್ಲವರಿಗೆ ಈ ಒಂದು ಸಂಗತಿಯೇ ಸಾಕು.

ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮಕ್ಷೇತ್ರದಲ್ಲಿ ಬಸವೇಶ್ವರರು ಅನೇಕ ವರುಷಗಳನ್ನು ಅಧ್ಯಯನದಲ್ಲಿಯೂ ಪೂಜೆಯಲ್ಲಿಯೂ ಕಳೆದರು. ವಚನಗಳ ಕೊನೆಯಲ್ಲಿ ತಪ್ಪದೆ ಬರುವ ಅಂಕಿತವೇ ಇದಕ್ಕೆ ಸಾಕ್ಷಿ. ಹರಿಹರನು ಈ ಭಾಗವನ್ನು ಅತ್ಯಂತ ವಿಸ್ತಾರವಾಗಿ ವರ್ಣಿಸಿರುವನು. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ಪುಷ್ಪಪೂಜೆಯನ್ನೇ ಜೀವನವನ್ನಾಗಿ ಮಾಡಿಕೊಂಡಿದ್ದ ಕವಿಯು ಸಂಗಮನಾಥನ ಪೂಜೆಯನ್ನು ವರ್ಣಿಸುವಾಗ ತನ್ನ ನಿತ್ಯದ ಅನುಭವವನ್ನೇ ಬರೆಯುತ್ತಿದ್ದನು. ಆದಕಾರಣ ಆ ವರ್ಣನೆಯಲ್ಲಿ ಬಸವೇಶ್ವರರೆಷ್ಟು, ಹರಿಹರನೆಷ್ಟು ಎಂದು ಗೆರೆ ಕೊಯ್ದು ಹೇಳುವದು ಕಷ್ಟ. ಸಂಗಮನಾಥನು ಕನಸಿನಲ್ಲಿ ಕಾಣಿಸಿಕೊಂಡು ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸಿದನೆಂದೂ, ಕ್ಷೇತ್ರವನ್ನು ಬಿಟ್ಟುಹೋಗಲು ಬಸವೇಶ್ವರರು ಬಹಳವಾಗಿ ನೊಂದರೆಂದೂ ಆತನು ಹೇಳುವನು.

ಮುಂದಿನ ಜೀವನವು ಕಳಚುರಿ ಬಿಜ್ಜಳನ ಆಶ್ರಯದಲ್ಲಿ ನಡೆಯಿತು. ಇಲ್ಲಿ ಹರಿಹರನ ಮಾತಿಗೆ ವಿಶೇಷವಾದ ಬೆಲೆಯುಂಟು. ನಂತರದ ಪುರಾಣಗಳೆಲ್ಲ ಕಲ್ಯಾಣವನ್ನೇ ಹೇಳುತ್ತಿರಲು ಹರಿಹರನು ಮಾತ್ರ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿದ ಮಂಗಳವಾಡವನ್ನು ಹೆಸರಿಸುವನು. ಬಿಜ್ಜಳನು ಮೊದಲು ಚಾಲುಕ್ಯರ ಮಾಂಡಲಿಕನಾಗಿದ್ದು, 1157ರ ಸುಮಾರಿಗೆ ಸ್ವತಂತ್ರಾಧಿಕಾರವನ್ನು ವಹಿಸಿ, 1162ರ ಸುಮಾರಿಗೆ ಕಲ್ಯಾಣದಲ್ಲಿ ನೆಲೆಸಿದನೆಂಬುದು ಶಾಸನಗಳಿಂದ ತಿಳಿದಿರುವದು. ಅದಕ್ಕೆ ಮುಂಚೆ ಆ ಮನೆತನದ ನೆಲೆಯು ಮಂಗಳವಾಡವೇ ಆಗಿದ್ದಿತು. ಹರಿಹರನಿಗೆ ಮಂಗಳವಾಡದ ಹೆಸರನ್ನು ಹೇಳುವದರಿಂದ ಯಾವ ಲಾಭವೂ ಇರಲಿಲ್ಲ; ಕಾವ್ಯಕ್ಕೆ ಕಲ್ಯಾಣದ ಹೆಸರೇ ಸೊಗಸು. ಲಾಭವಿಲ್ಲದ ಕಡೆಯಲ್ಲಿ ಹೇಳಿದ ಮಾತು, ಶಾಸನಕ್ಕೂ ಹೊಂದಿದ ಮಾತು, ನಂಬತಕ್ಕ ಮಾತು. ನಂತರದ ಕವಿಗಳ ಕಾಲಕ್ಕೆ ಕಲ್ಯಾಣವು ಊರಿನ ಹೆಸರಾಗಿ ಮಾತ್ರ ಉಳಿಯದೆ ಶರಣರ ಸ್ಮರಣೆಯಲ್ಲಿ ಪುಣ್ಯಭೂಮಿಯೇ ಆಗಿದ್ದಿತು. ಆದಕಾರಣ ಅವರು ಆದ್ಯಂತವಾಗಿ ಎಲ್ಲವನ್ನೂ ಅಲ್ಲಿಯೇ ನಡೆಯಿಸಿದರು.

ಉದ್ಯೋಗದ ಆರಂಭವನ್ನು ಹರಿಹರನು ಒಂದು ಚಿಕ್ಕ ಸಂಗತಿಯಿಂದ ಹೇಳುವನು. ಭಂಡಾರದ ಕರಣಿಕರ ನಡುವೆ ಕುಳಿತ ಬಸವೇಶ್ವರರು ಅವರ ಲೆಕ್ಕದಲ್ಲಿದ್ದ ತಪ್ಪನ್ನು ಕಂಡು ತಿದ್ದಿದರು. ಸಿದ್ಧದಂಡಾಧಿಪನು ಆ ಜಾಣ್ಮೆಯನ್ನು ಮೆಚ್ಚಿ ಕೆಲಸವನ್ನು ಕೊಟ್ಟನು. ಅಲ್ಲಿಂದ ಅವರು ಭಂಡಾರಿಯ ಪದವಿಗೆ ಏರಿದರು. ಹರಿಹರನು ಹೊಯ್ಸಳರಾಯರ ಆಸ್ಥಾನದಲ್ಲಿ ಕರಣಿಕನಾಗಿದ್ದು ಆ ಕೆಲಸವನ್ನು ಬಿಟ್ಟು ಹಂಪೆಗೆ ಬಂದವನೆಂದು ಪ್ರತೀತಿಯಿರುವದು. ಅದು ನಿಜವಾದರೆ ಲೆಕ್ಕದ ಕಡತಗಳ ಮುಂದೆ ಕುಳಿತವರ ಬದುಕನ್ನು ಈತನಷ್ಟು ಬಲ್ಲ ಕವಿಯು ಮತ್ತೊಬ್ಬನಿಲ್ಲ. ಸೋಮನಾಥನಿಗೆ ಲೆಕ್ಕದ ಗೋಜು ಬೇಕಾಗಿಲ್ಲ. ಆತನಲ್ಲಿ ಬಲದೇವ ಮಂತ್ರಿಯು ಮಗಳಾದ ಗಂಗಾಂಬೆಯನ್ನು ಬಸವೇಶ್ವರರಿಗೆ ಕೊಟ್ಟು ವಿವಾಹಮಾಡುವನು. ಬಲದೇವನ ತರುವಾಯ ಆ ಪದವಿಯು ಅಳಿಯನಿಗೆ ಬರುವದು. ಒಬ್ಬನು ಯೋಗ್ಯತೆಯಿಂದ ಬಂದ ಏಳಿಗೆಯನ್ನು ಕಂಡನು. ಇನ್ನೊಬ್ಬನು ಸಂಬಂಧದಿಂದ ಬಂದ ಏಳಿಗೆಯನ್ನು ಹೇಳಿದನು. ಇವೆರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನೂ ಇಲ್ಲ.

ಅಧಿಕಾರದಲ್ಲಿದ್ದ ಬಸವೇಶ್ವರರ ಮನೆಯು ಜಂಗಮರಿಗೂ ಭಕ್ತರಿಗೂ ತೆರೆದ ಬಾಗಿಲಾಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಹಡಪದ ಅಪ್ಪಣ್ಣ ಮೊದಲಾದ ಕಾಯಕಜೀವಿಗಳೂ, ಬಳ್ಳಿಗಾವಿಯ ಅಲ್ಲಮಪ್ರಭುದೇವರೂ, ಅಕ್ಕಮಹಾದೇವಿಯೂ, ಸೋದರಳಿಯರಾದ ಚೆನ್ನಬಸವಣ್ಣನವರೂ ಕೂಡಿದ ಆ ಗೋಷ್ಠಿಯು ಕನ್ನಡ ನುಡಿಗೆ ವಚನಗಳೆಂಬ ಅಪೂರ್ವ ನಿಧಿಯನ್ನು ಕೊಟ್ಟಿತು. ಪುರಾಣಗಳು ಜಂಗಮರ ಸಂಖ್ಯೆಯನ್ನು ಒಂದು ಲಕ್ಷದ ತೊಂಬತ್ತಾರು ಸಾವಿರವೆಂದು ಹೇಳುವವು. ಇದನ್ನು ಜನಗಣತಿಯ ಅಂಕಿಯೆಂದು ಹಿಡಿದು ಸಾಧಿಸಹೋಗುವವನೂ, ಅಸಾಧ್ಯವೆಂದು ಹಳಿಯಹೋಗುವವನೂ ಸಮಾನವಾಗಿ ತಪ್ಪುವರು. ದಾಸೋಹದ ಹಿರಿಮೆಯು ಎಣಿಕೆಗೆ ಮೀರಿದುದೆಂಬುದನ್ನು ಕವಿಯು ಎಣಿಕೆಯ ಭಾಷೆಯಲ್ಲಿ ಹೇಳಿರುವನು.

ಈ ಗೋಷ್ಠಿಯ ಸಂವಾದಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಶೂನ್ಯಸಂಪಾದನೆಯ ವಿಷಯದಲ್ಲಿಯೂ ಇಂಥದೇ ವಿವೇಕವು ಬೇಕು. ಅದನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದವನು. ಪ್ರೌಢದೇವರಾಯನು ವಿಜಯನಗರದಲ್ಲಿ ಆಳುತ್ತಿದ್ದ ಆ ಯುಗದಲ್ಲಿ ಲಕ್ಕಣ್ಣ ದಂಡೇಶನಂಥ ಅಧಿಕಾರಿಗಳೂ ಅನೇಕ ವಿರಕ್ತರೂ ಚದುರಿದ ವಚನಗಳನ್ನು ಕೂಡಿಹಾಕುವ ಕಾರ್ಯದಲ್ಲಿ ತೊಡಗಿದ್ದರು. ಮಹಾದೇವಯ್ಯನು ಮೂರು ಶತಮಾನಗಳಷ್ಟು ಹಿಂದಿನ ವಚನಗಳನ್ನು ಪ್ರಶ್ನೋತ್ತರಗಳ ಸರದಲ್ಲಿ ಪೋಣಿಸಿ, ಪ್ರಭುದೇವರನ್ನು ಕೇಂದ್ರದಲ್ಲಿರಿಸಿ, ಷಟ್‍ಸ್ಥಲದ ಏರುಮೆಟ್ಟಲುಗಳನ್ನು ತೋರಿಸಿದನು. ಮುತ್ತುಗಳು ಹನ್ನೆರಡನೆಯ ಶತಮಾನದವು, ದಾರವು ಹದಿನೈದನೆಯದು. ಅನುಭಾವದ ಸಾಧಕನಿಗೆ ಆ ಸರವು ಹೇಗಿದೆಯೋ ಹಾಗೆಯೇ ಬೇಕು. ಚರಿತ್ರವನ್ನು ಬರೆಯುವವನು ಮಾತ್ರ ದಾರವು ಯಾರದೆಂಬುದನ್ನು ಮರೆಯಲಾಗದು.

ಇನ್ನು ವಚನಗಳು. ಇವು ಬಸವೇಶ್ವರರ ಸ್ವಂತ ನುಡಿಗಳಾದುದರಿಂದ ಇಲ್ಲಿ ಯಾವ ವಿಮರ್ಶೆಯೂ ಬೇಡವೆಂದು ತೋರಬಹುದು. ಆದರೆ ತನ್ನ ವಿಷಯವಾಗಿ ಬರೆಯುವವನಿಗೂ ಒಂದು ದೃಷ್ಟಿಯಿರುವದು. ಬಸವೇಶ್ವರರು ಎಷ್ಟೋ ವಚನಗಳಲ್ಲಿ ತಮ್ಮನ್ನು ಚಂಚಲಚಿತ್ತರೆಂದೂ, ಹುಸಿಭಕ್ತರೆಂದೂ, ಎಲ್ಲರಿಗಿಂತ ಕಿರಿಯರೆಂದೂ ನಿಷ್ಠುರವಾಗಿ ನಿಂದಿಸಿಕೊಂಡಿರುವರು. ಇದನ್ನು ಅಕ್ಷರಶಃ ಹಿಡಿದು ಅವರ ದೋಷಗಳ ಪಟ್ಟಿಯನ್ನು ಮಾಡಹೋಗುವದು ಭಕ್ತಿಯ ನುಡಿಯನ್ನು ಅರಿಯದವರ ಕೆಲಸ. ದೇವರ ಮುಂದೆ ನಿಂತವನ ದೃಷ್ಟಿಯಲ್ಲಿ ತನ್ನ ಗುಣಗಳು ಕಾಣುವದಿಲ್ಲ. ಆದರೆ ಇದೇ ವಚನರಾಶಿಯಲ್ಲಿ ಬೇರೊಂದು ಜಾತಿಯ ಮಾತೂ ಉಂಟು. ಭವಿಯಾದ ಬಿಜ್ಜಳನ ಸಿಂಹಾಸನದ ಕೆಳಗೆ ಕುಳಿತು ಅವನನ್ನು ಓಲೈಸುವರೆಂದು ಶರಣರೇ ತಮ್ಮನ್ನು ಆಕ್ಷೇಪಿಸುತ್ತಿದ್ದರೆಂಬುದನ್ನು ಬಸವೇಶ್ವರರು ಮುಚ್ಚುಮರೆಯಿಲ್ಲದೆ ಹೇಳಿ, ಜಂಗಮದಾಸೋಹಕ್ಕಾಗಿ ತಾವು ಯಾವ ಕೀಳು ಊಳಿಗಕ್ಕೂ ಹಿಂಜರಿಯುವವರಲ್ಲವೆಂದು ಉತ್ತರ ಕೊಟ್ಟಿರುವರು. ಯಾವ ಪುರಾಣಕಾರನೂ ತನ್ನ ನಾಯಕನ ಮೇಲೆ ಸ್ವಜನರು ಹೊರಿಸಿದ ಇಂಥ ಆಕ್ಷೇಪವನ್ನು ಸುಮ್ಮನೆ ಕಲ್ಪಿಸಲಾರನು. ಬಿಜ್ಜಳನ ಸೇವೆಯೂ, ಆ ಸೇವೆಯಲ್ಲಿದ್ದ ಒಳಗಿನ ಇಕ್ಕಟ್ಟೂ ನಿಜವಾದುವೆಂದು ಈ ಒಂದು ವಚನದಿಂದ ತಿಳಿದಷ್ಟು ದೃಢವಾಗಿ ಪುರಾಣದ ಅಧ್ಯಾಯಗಳಿಂದಲೂ ತಿಳಿಯುವದಿಲ್ಲ. ಹೇಳುವವನಿಗೆ ಹಿತವಲ್ಲದ ಮಾತೇ ಕೇಳುವವನಿಗೆ ಹೆಚ್ಚು ಭರವಸೆಯದು.

ಬಿಜ್ಜಳನ ಚಿತ್ರವೂ ಬರೆದವರ ದೃಷ್ಟಿಗೆ ತಕ್ಕಂತೆ ಬಣ್ಣವನ್ನು ಬದಲಿಸುವದು. ಪುರಾಣಗಳಲ್ಲಿ ಅವನು ಕೊನೆಗೆ ಶರಣರ ವೈರಿಯಾದ ಜೈನರಾಜನು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ 1200ರ ಸುಮಾರಿನ ಶಾಸನದಲ್ಲಿ ಅವನು ಬೇರೆಯೇ ಆಗಿರುವನು. ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ಶಿರಸ್ಸನ್ನು ಅರ್ಪಿಸಿ ಮರಳಿ ಪಡೆದನೆಂದೂ, ಜೈನರು ದೂರಿತ್ತಾಗ ಬಿಜ್ಜಳನು ವಿಚಾರಣೆಮಾಡಿ ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನೆಂದೂ ಆ ಕಲ್ಲು ಹೇಳುವದು. ಕಳಚುರಿಗಳ ಧ್ವಜವು ಸುವರ್ಣವೃಷಭಧ್ವಜವೆಂದೂ ಶಾಸನಗಳಿಂದ ತಿಳಿಯುವದು. ಹಾಗಾದರೆ ಬಿಜ್ಜಳನು ಶಿವಭಕ್ತನೋ ಶಿವದ್ರೋಹಿಯೋ? ದಾನಶಾಸನವನ್ನು ಬರೆಯಿಸಿದವರಿಗೆ ತಮ್ಮ ದೇವಾಲಯಕ್ಕೆ ಅರಸರ ಮನ್ನಣೆಯಿತ್ತೆಂದು ತೋರಿಸುವದು ಅವಶ್ಯವಾಗಿದ್ದಿತು. ಆದಕಾರಣ ಶಾಸನದ ಅರಸನು ಯಾವಾಗಲೂ ಧರ್ಮಪರನೇ. ಪುರಾಣವನ್ನು ಹಾಡಿದವರಿಗೆ ಶರಣರ ಸಂಕಟಕ್ಕೆ ಕಾರಣನಾದ ಅರಸನು ಬೇಕಾಗಿದ್ದನು; ಆದಕಾರಣ ಪುರಾಣದ ಬಿಜ್ಜಳನು ಪರಮತದವನು. ಎರಡನ್ನೂ ತೂಗಿದರೆ ಉಳಿಯುವವನು ಎಲ್ಲ ಮತಗಳವರನ್ನೂ ರಾಜ್ಯದ ಹಿತಕ್ಕಾಗಿ ಓಲೈಸುತ್ತಿದ್ದ, ಹೊಸದಾಗಿ ಗಳಿಸಿದ ಸಿಂಹಾಸನವು ಎಲ್ಲಿ ಅಲುಗುವದೋ ಎಂದು ಅಂಜುತ್ತಿದ್ದ ಒಬ್ಬ ಅರಸನು.

ಅಂಜಿಕೆಗೆ ಕಾರಣವೂ ಇದ್ದಿತು. ಕುಲಭೇದವನ್ನು ಎಣಿಸದ ಸಮಾಜವೊಂದು ಅರಮನೆಯ ನೆರಳಿನಲ್ಲಿಯೇ ಬೆಳೆಯುತ್ತಿದ್ದಿತು. ಭಂಡಾರದ ಹಣವು ಜಂಗಮರಿಗೆ ಸೂರೆಹೋಗುತ್ತಿದೆಯೆಂದು ಕೊಂಡೆಯರು ಅರಸನ ಕಿವಿಯನ್ನು ತುಂಬಿದರೆಂದೂ, ಪರೀಕ್ಷಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಶಿವಕವಿಗಳು ಹೇಳುವರು. ಕೊನೆಗೆ ಹರಳಯ್ಯ ಮಧುವಯ್ಯರೆಂಬ ಶರಣರ ಮೇಲೆ ಅರಸನ ಕೋಪವು ಬಿದ್ದಿತು. ಸೋಮನಾಥನಲ್ಲಿ ಅವರ ಕಣ್ಣುಗಳನ್ನು ಕೀಳಿಸಿದ ಸಂಗತಿಯು ಇರುವದು. ಬ್ರಾಹ್ಮಣಕುಲದಿಂದ ಬಂದ ಮಧುವಯ್ಯನ ಮಗಳನ್ನು ಸಮಗಾರನಾದ ಹರಳಯ್ಯನ ಮಗನಿಗೆ ಕೊಟ್ಟು ಮಾಡಿದ ವಿವಾಹದ ವೃತ್ತಾಂತವು ನಂತರದ ಕೃತಿಗಳಲ್ಲಿ ವಿಸ್ತಾರವಾಗಿ ಬರುವದು. ತಡವಾಗಿ ಬರೆಯಲ್ಪಟ್ಟ ಮಾತ್ರಕ್ಕೆ ಅದು ಸುಳ್ಳೆಂದು ಹೇಳಲಾಗದು. ಮೊದಲನೆಯ ಕವಿಗೆ ಶಿವಭಕ್ತರ ಹಿಂಸೆಯೇ ಪ್ರಧಾನವಾಗಿ ಕಂಡಿರಬಹುದು, ಮುಂದಿನವರಿಗೆ ಹಿಂಸೆಯ ಕಾರಣವು ಪ್ರಧಾನವಾಗಿ ಕಂಡಿರಬಹುದು. ಆದರೆ ಯಾವ ಮಾತು ಯಾವ ಕಾಲದ ಲೇಖನಿಯಿಂದ ಬಂದುದೆಂಬುದನ್ನು ಹೇಳಿಯೇ ಅದನ್ನು ಹೇಳತಕ್ಕದ್ದು.

ಬಿಜ್ಜಳನ ಅಂತ್ಯವು ಈ ಚರಿತ್ರದಲ್ಲಿ ಎಲ್ಲಕ್ಕಿಂತ ಕಠಿಣವಾದ ಸ್ಥಳ. ಬಸವಪುರಾಣದ ಪ್ರಕಾರ ಜಗದೇವನು ತನ್ನ ಸಂಗಡಿಗರೊಡನೆ ಅರಮನೆಯನ್ನು ಹೊಕ್ಕು ಬಿಜ್ಜಳನನ್ನು ಕೊಂದನು. ಬಸವೇಶ್ವರರು ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ತೆರಳಿ ಸಂಗಮನಾಥನಲ್ಲಿ ಐಕ್ಯರಾದರು. ಜಗದೇವನ ಕಾರ್ಯಕ್ಕೆ ಬಸವೇಶ್ವರರ ಸಮ್ಮತಿಯಿತ್ತೆಂಬ ಧ್ವನಿಯೂ ಅಲ್ಲಿ ಇರುವದು. ಜೈನಕವಿಯು ಹೇಳುವದು ಬೇರೆ. ಬಿಜ್ಜಳನು ಬಸವೇಶ್ವರರ ಸೋದರಿಯ ಚೆಲುವಿಗೆ ಮರುಳಾಗಿ ಅವಳನ್ನು ಮದುವೆಯಾಗಿ ಮಂತ್ರಿಪದವಿಯನ್ನು ಕೊಟ್ಟನಂತೆ; ಕೊಲ್ಲಾಪುರದ ದಂಡಯಾತ್ರೆಯಿಂದ ಹಿಂದಿರುಗಿ ಭೀಮಾತೀರದಲ್ಲಿ ಬೀಡುಬಿಟ್ಟಿದ್ದಾಗ ಬಸವೇಶ್ವರರು ವಿಷದ ಹಣ್ಣನ್ನು ಕಳುಹಿಸಿ ಅವನನ್ನು ಕೊಲ್ಲಿಸಿದರಂತೆ; ರಾಜಪುತ್ರನು ಬೆನ್ನಟ್ಟಲು ಉಳವಿಗೆ ಓಡಿಹೋಗಿ ಬಾವಿಯಲ್ಲಿ ಹಾರಿದರಂತೆ. ಆ ಕವಿಯು ಸಂಗತಿಗಳು ನಡೆದು ಶತಮಾನಗಳು ಕಳೆದ ಮೇಲೆ ಬರೆದವನು. ಬಸದಿಗಳು ಕೈತಪ್ಪಿ ಆಶ್ರಯವು ಕುಂದಿದ ಸಮಾಜದ ನೋವು ಅವನ ಲೇಖನಿಯಲ್ಲಿ ಇರುವದು. ಆ ನೋವನ್ನು ಅರಿಯದೆ ಅವನನ್ನು ಹಳಿಯುವದು ಶರಣಧರ್ಮವಲ್ಲ. ಆ ನೋವನ್ನು ಅರಿಯದೆ ಅವನನ್ನು ನಂಬುವದು ವಿವೇಕವೂ ಅಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಲಕ್ಷಿಸಬೇಕು. ಭಕ್ತಕವಿ ವಿರೋಧಿಕವಿಗಳಿಬ್ಬರೂ ಬಿಜ್ಜಳನ ಕೊಲೆಯನ್ನು ಶರಣರ ಪಕ್ಷಕ್ಕೆ ಹಚ್ಚುವರು. ಶತ್ರುಮಿತ್ರರಿಬ್ಬರೂ ಒಪ್ಪಿದ ಮಾತು ಸತ್ಯವೆಂದು ಸಾಮಾನ್ಯವಾಗಿ ಎಣಿಸುವರು. ಆದರೆ ಈ ಒಪ್ಪಿಗೆಯಲ್ಲಿ ಯಾರೊಬ್ಬನೂ ತನ್ನ ಹಿತಕ್ಕೆ ವಿರೋಧವಾಗಿ ಮಾತನಾಡಿಲ್ಲ. ವೀರಭಕ್ತಿಯನ್ನು ಮೆರೆಯಿಸಬೇಕಾಗಿದ್ದ ಸೋಮನಾಥನಿಗೆ ಶಿವದ್ರೋಹಿಯ ವಧೆಯು ಹೆಮ್ಮೆಯ ಕಾರ್ಯ. ದೂರನ್ನು ಹೊರಿಸಬೇಕಾಗಿದ್ದ ಜೈನಕವಿಗೆ ಅದೇ ಮಹಾಪರಾಧ. ಇಬ್ಬರಿಗೂ ಆ ಕೊಲೆಯು ಬೇಕಾಗಿದ್ದಿತು. ಶಾಸನಗಳು 1167ರ ಸುಮಾರಿಗೆ ಬಿಜ್ಜಳನ ಮಗನಾದ ಸೋವಿದೇವನು ಪಟ್ಟಕ್ಕೆ ಬಂದುದನ್ನು ಹೇಳುವವೇ ಹೊರತು ಕೊಲೆಯನ್ನು ಹೇಳುವದಿಲ್ಲ. ಆದರೆ ಆಸ್ಥಾನದ ಪ್ರಶಸ್ತಿಕಾರನು ಅರಸನ ತಂದೆಯ ದುರ್ಮರಣವನ್ನು ಕಲ್ಲಿನಲ್ಲಿ ಕೊರೆಯಿಸುವನೆಂದು ನಿರೀಕ್ಷಿಸುವದೂ ತಪ್ಪು. ಈ ಸಾಕ್ಷ್ಯಗಳನ್ನೆಲ್ಲ ತೂಗಿದರೆ ದೃಢವಾಗಿ ಹೇಳಬಹುದಾದುದು ಇಷ್ಟೇ. 1167ರ ಸುಮಾರಿಗೆ ಬಿಜ್ಜಳನ ಆಳಿಕೆಯು ಮುಗಿಯಿತು. ಆ ಕಾಲದಲ್ಲಿ ಕಲ್ಯಾಣದಲ್ಲಿ ಮಹಾಕ್ಷೋಭೆಯುಂಟಾಗಿ ಶರಣರು ಚದುರಿಹೋದರು. ಬಸವೇಶ್ವರರು ಸಂಗಮಕ್ಕೆ ಮರಳಿ ಅಲ್ಲಿಯೇ ಲಿಂಗೈಕ್ಯರಾದರೆಂಬುದು ಭಕ್ತಪರಂಪರೆಯ ಏಕಮುಖವಾದ ನಂಬಿಗೆ. ಕೊಲೆಯಲ್ಲಿ ಅವರ ಕೈಯಿತ್ತೆಂಬುದನ್ನು ಯಾವ ಸಮಕಾಲೀನ ಸಾಕ್ಷ್ಯವೂ ಹೇಳುವದಿಲ್ಲ. ಕೊಲ್ಲುವದನ್ನೂ ಕೋಪವನ್ನೂ ಬಿಡಬೇಕೆಂದು, ದಯೆಯೇ ಧರ್ಮದ ಬೇರೆಂದು ಸಾರಿದ ಅವರ ವಚನಗಳು ಆ ಆರೋಪಕ್ಕೆ ವಿರೋಧವಾಗಿ ನಿಲ್ಲುವವು. ಪುರಾಣದ ಮಾತನ್ನು ಪರೀಕ್ಷಿಸುವದು ಬಸವೇಶ್ವರರಿಗೆ ಅಪಚಾರವೆಂದು ಅಂಜುವವರು ಈ ಸ್ಥಳವನ್ನು ವಿಚಾರಿಸಬೇಕು. ಪರೀಕ್ಷಿಸದೆ ಒಪ್ಪಿದರೆ, ತಮಗೆ ತಿಳಿಯದಂತೆಯೇ ರಕ್ತದ ಕಲೆಯೊಂದನ್ನು ಆ ಮಹಾತ್ಮರಿಗೆ ಹಚ್ಚಿದಂತಾಗುವದು.

ಕವಿಗಳ ದೃಷ್ಟಿಯಂತೆ ಪಂಡಿತರ ದೃಷ್ಟಿಯೂ ಪರೀಕ್ಷೆಗೆ ಹೊರತಾದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಅಧಿಕಾರಿಗಳಾಗಿದ್ದ ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ಶಾಸನಗಳನ್ನು ಓದಿ ಮಹೋಪಕಾರವನ್ನು ಮಾಡಿದರು. ಕಲ್ಲಿನ ಮೇಲೆ ಅವರಿಗೆ ಎಷ್ಟು ವಿಶ್ವಾಸವೋ ಪುರಾಣದ ಮೇಲೆ ಅಷ್ಟೇ ಅವಿಶ್ವಾಸ. ಬಸವೇಶ್ವರರ ಹೆಸರು ಶಾಸನಗಳಲ್ಲಿ ಕಾಣಲಿಲ್ಲ, ಏಕಾಂತದ ರಾಮಯ್ಯನ ಹೆಸರು ಅಬ್ಬಲೂರಿನಲ್ಲಿ ಕಂಡಿತು. ಇಷ್ಟರಿಂದಲೇ ಅವರು ರಾಮಯ್ಯನಿಗೆ ಪ್ರಾಧಾನ್ಯವನ್ನು ಕೊಟ್ಟು ಬಸವೇಶ್ವರರ ಪಾತ್ರವನ್ನು ಕಿರಿದುಮಾಡಿದರು. ಶಾಸನಗಳು ಬಹುಮಟ್ಟಿಗೆ ಭೂದಾನಗಳನ್ನೂ ದೇವಾಲಯಗಳ ದತ್ತಿಗಳನ್ನೂ ಬರೆದಿಡುವಂಥವು. ಸ್ಥಾವರದೇವಾಲಯದ ಬದಲಾಗಿ ದೇಹವನ್ನೇ ದೇಗುಲವನ್ನಾಗಿ ಮಾಡಿಕೊಳ್ಳಬೇಕೆಂದು ಬೋಧಿಸಿದವರ ಹೆಸರು ದೇವಾಲಯದ ಗೋಡೆಯ ಮೇಲೆ ಕಾಣದಿದ್ದುದು ಆಶ್ಚರ್ಯವಲ್ಲ. ಕಲ್ಲು ಸುಳ್ಳು ಹೇಳಲಿಲ್ಲ. ಕಲ್ಲನ್ನು ಕೇಳಬಾರದ ಪ್ರಶ್ನೆಯನ್ನು ಪಂಡಿತರು ಕೇಳಿದರು. ಅವರ ತರುವಾಯ ಬೆಳಕಿಗೆ ಬಂದ ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನವು ಈ ಸಂಶಯವನ್ನು ನಿವಾರಿಸಿತು. ಯಾದವ ಕನ್ನರನ ಕಾಲದ ಆ ಶಾಸನದಲ್ಲಿ ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನ ಹೆಸರು ಸ್ಪಷ್ಟವಾಗಿ ಇರುವದು. ಅದೂ ಆ ಮನೆತನದವನಾದ ಹಾಲಬಸವಿದೇವನ ಮೂಲಕ ನಡೆದ ದಾನದ ಸಂದರ್ಭದಲ್ಲಿ ಬಂದ ಹೆಸರು. ತಂದೆಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಹರಿಹರ ಸೋಮನಾಥರು ಹೇಳಿದುದೇ ಕಲ್ಲಿನಲ್ಲಿಯೂ ದೊರೆಯಿತು. ಕಟ್ಟುಕಥೆಯೆಂದು ತಳ್ಳಿದ ಪುರಾಣದೊಳಗೆ ಚರಿತ್ರದ ಗಟ್ಟಿಬೀಜವಿದ್ದುದು ಹೀಗೆ ಸಿದ್ಧವಾಯಿತು.

ವಚನಗಳಾದರೋ ಶತಮಾನಗಳ ಕಾಲ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಯ ಗರಿಗಳಲ್ಲಿ ಅಡಗಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವುಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದ ಮೇಲೆ ಬಸವೇಶ್ವರರು ಪುರಾಣದ ತೆರೆಯ ಹಿಂದಿನಿಂದ ಸ್ವಂತ ದನಿಯಲ್ಲಿ ಮಾತನಾಡತೊಡಗಿದರು. 1993ರಲ್ಲಿ ಕರ್ನಾಟಕ ಸರಕಾರವು ಎಲ್ಲ ಶರಣರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಆದರೂ ಕಾಣದ ಕಟ್ಟುಗಳು ಇನ್ನೂ ಉಳಿದಿರಬಹುದು. ಮಠದ ಜಂತಿಯಲ್ಲಿ, ಜಗಲಿಯ ಮೇಲಿನ ಪೆಟ್ಟಿಗೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ಪೂಜೆಗೆ ಇಟ್ಟ ಗರಿಗಳನ್ನು ಉಳ್ಳವರು ವಿಭೂತಿಯನ್ನು ಹಚ್ಚಿ ಕೈಮುಗಿಯುವದರಲ್ಲಿಯೇ ತೃಪ್ತರಾಗದೆ, ತಿಳಿದವರಿಂದ ಅವನ್ನು ಓದಿಸಬೇಕು. ಓದಿಸುವಾಗ ಒಳಗಿನ ಪಠ್ಯದೊಡನೆ ಕೊನೆಯ ಗರಿಯನ್ನೂ ತಪ್ಪದೆ ನೋಡಿಸಬೇಕು. ಬರೆದವನ ಹೆಸರು, ಊರು, ಸಂವತ್ಸರ, ಯಾರಿಗಾಗಿ ಬರೆದನೆಂಬ ಮಾತು ಸಾಮಾನ್ಯವಾಗಿ ಅಲ್ಲಿಯೇ ಇರುವದು. ಪ್ರತಿಮಾಡಿಕೊಳ್ಳುವವರು ಎಷ್ಟೋ ಸಾರೆ ಆ ನಾಲ್ಕು ಸಾಲುಗಳನ್ನು ಅನಾವಶ್ಯಕವೆಂದು ಬಿಟ್ಟಿರುವರು. ಬಸವೇಶ್ವರರ ಹೆಸರಿನಲ್ಲಿ ಬಂದ ಮಾತು ಯಾವ ಕೈಯಿಂದ ಬಂದುದೆಂಬುದನ್ನು ಮುಂದಿನವರಿಗೆ ತಿಳಿಸಿಕೊಡುವವು ಆ ಸಾಲುಗಳೇ.